ಹಸಿರು ದೀಪ: ಏಪ್ರಿಲ್ 13, 2025, ಭಾನುವಾರ ರಾತ್ರಿ

ಊರಿಂದ ಬಂದು ಎರಡು ಗಂಟೆಯಾಯಿತು. ಬ್ಯಾಗು ಇನ್ನೂ ಬಿಚ್ಚಿಲ್ಲ. ಆ ಡಬ್ಬಿ ಮಾತ್ರ ಮೇಜಿನ ಮೇಲಿದೆ.

ಡಿಸೆಂಬರಿನಲ್ಲಿ ಅಪ್ಪನಿಗೆ ಮಾಡಿಕೊಟ್ಟಿದ್ದು. ಹೊಸ ಅಡಿಕೆ ಸಸಿಗಳ ಬುಡದಲ್ಲಿ ಮಣ್ಣು ಒದ್ದೆ ಇದ್ದರೆ ಹಸಿರು ದೀಪ, ಒಣಗಿದರೆ ಕೆಂಪು. ಒಳಗೆ ಪುಟ್ಟ ಕಂಪ್ಯೂಟರಿನಂಥ ಎಟಿಮೆಗಾ 328ಪಿ ಚಿಪ್, ಅದರ ಲೆಕ್ಕಕ್ಕೆ ತಾಳ (ಕ್ಲಾಕ್) ಹಾಕುವ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಮೂರು ಪೆನ್ಸಿಲ್ ಸೆಲ್. ವೋಲ್ಟೇಜನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಹಾಕಿದರೆ ಸುಮ್ನೆ ಕರೆಂಟ್ ತಿನ್ನುತ್ತೆ ಅಂತ ಸೆಲ್ಲನ್ನು ನೇರ ಚಿಪ್ಪಿಗೇ ಕೊಟ್ಟಿದ್ದೆ.

"ದೀಪ ಹಸಿರೇ ಇತ್ತಲ್ಲೇ ಪುಟ್ಟಿ" ಅಂದ ಅಪ್ಪ ನಿನ್ನೆ. ಅಷ್ಟೇ, ಬೈಯಲಿಲ್ಲ. ದೀಪ ನಂಬಿಕೊಂಡು ಆರು ದಿನ ನೀರು ಬಿಟ್ಟಿಲ್ಲ. ಬುಡಕ್ಕೆ ಬೆರಳು ಹಾಕಿದೆ, ಗೆಣ್ಣು ಮುಳುಗುವವರೆಗೂ ಬರೀ ಪುಡಿ ಮಣ್ಣು. ಎಲೆಗಳ ತುದಿ ಕಂದಾಗಿ ಮುದುರಿತ್ತು.

"ಸೆಲ್ ಮುಗಿದಿದ್ರೆ ದೀಪ ಆರಬೇಕಿತ್ತಲ್ವಾ?"

"ಮುಗಿದಿಲ್ಲ ಅಪ್ಪ, ಇಳಿದಿದೆ." ಮೀಟರ್ ಇಟ್ಟು ತೋರಿಸಿದೆ, 3.3 ವೋಲ್ಟ್.

ಅಪ್ಪ ಸ್ವಲ್ಪ ಹೊತ್ತು ಮೀಟರನ್ನೇ ನೋಡಿದ. "ಪಂಪಿಗೆ ವೋಲ್ಟೇಜ್ ಸಾಲದಿದ್ರೆ ಗುಂಯ್ ಅನ್ನುತ್ತೆ, ಓಡಿಹೋಗಿ ಆಫ್ ಮಾಡ್ತೀನಿ. ಇದು ಶಬ್ದನೇ ಮಾಡಲ್ವಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ.

ಈ ಚಿಪ್ 1.8 ವೋಲ್ಟಿನಲ್ಲೂ ಓಡುತ್ತದೆ, ನಿಜ. ಆದರೆ 4 ಮೆಗಾಹರ್ಟ್ಸ್‌ವರೆಗೆ ಮಾತ್ರ. 10ಕ್ಕೆ 2.7 ವೋಲ್ಟ್ ಬೇಕು, 20ಕ್ಕೆ 4.5. ನಡುವೆ ನೇರ ಗೆರೆ, ಆ ಲೆಕ್ಕದಲ್ಲಿ 16ಕ್ಕೆ ಸುಮಾರು 3.8 ಇರಲೇಬೇಕು. ವೋಲ್ಟೇಜ್ ಇಳಿದ ಹಾಗೆ ಒಳಗಿನ ಟ್ರಾನ್ಸಿಸ್ಟರುಗಳು ನಿಧಾನವಾಗುತ್ತವೆ, ಒಂದು ಲೆಕ್ಕ ಮುಗಿಯೋದರೊಳಗೆ ಮುಂದಿನ ಕ್ಲಾಕ್ ಬಂದುಬಿಡುತ್ತದೆ. ಆಗ ಚಿಪ್ ನಿಲ್ಲಲೇಬೇಕು ಅಂತೇನಿಲ್ಲ, ತಪ್ಪು ಉತ್ತರ ಇಟ್ಟುಕೊಂಡೇ ಮುಂದೆ ಹೋಗಬಹುದು. ನಾನು ಪರೀಕ್ಷೆ ಮಾಡಿದ್ದು ಡಿಸೆಂಬರಿನ ರಾತ್ರಿ, ಇದೇ ಮೇಜಿನ ಮೇಲೆ, 3.3ರಲ್ಲಿ ಎರಡು ದಿನ. ಚೆನ್ನಾಗೇ ಓಡಿತ್ತು. ಏಪ್ರಿಲ್ ಬಿಸಿಲಿಗೆ ಕಾದ ಡಬ್ಬಿಯೊಳಗೆ ಟ್ರಾನ್ಸಿಸ್ಟರು ಇನ್ನೂ ನಿಧಾನ, ಅದನ್ನು ಯೋಚಿಸಲೇ ಇಲ್ಲ.

ಈಗಷ್ಟೇ ಇಇಪ್ರಾಮ್ ಓದಿದೆ, ಕರೆಂಟ್ ಹೋದರೂ ಅಂಕಿ ಉಳಿಸಿಕೊಳ್ಳುವ ಚಿಪ್ಪಿನ ನೆನಪು ಅದು. ಒಣ ಮಣ್ಣಿನ ಅಂಕಿ ಇಟ್ಟಿದ್ದ ಎರಡು ಬೈಟಿನಲ್ಲೂ 255. ಅಳಿಸಿದ ಜಾಗದಲ್ಲಿ ಇರುವ ಅಂಕಿ ಅದು. ಎರಡೂ ಬೈಟು ಸೇರಿಸಿ ಓದಿ, ಒಣ ಮಣ್ಣು ಅಂದರೆ 65535 ಅಂತ ನಂಬಿದ ಮೇಲೆ, ಅದಕ್ಕಿಂತ ಕಡಿಮೆ ಅಂಕಿ ತೋರುವ ಎಂಥ ಮಣ್ಣೂ ಅದಕ್ಕೆ ಒದ್ದೆಯೇ. ವೋಲ್ಟೇಜ್ ಬಿದ್ದಾಗ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುವ ಬ್ರೌನ್‌ಔಟ್ ಕಾವಲು ಇತ್ತು, ಸೆಲ್ ಜಾಸ್ತಿ ದಿನ ಬರಲಿ ಅಂತ ಅದನ್ನು ನಾನೇ ತೆಗೆದಿದ್ದೆ.

ಹೊಟ್ಟೆ ಹಸಿಯುತ್ತಿದೆ, ಅನ್ನ ಮಾಡಬೇಕು.

ಮಾಡಿ ಉಂಡು ಬಂದೆ. ಬ್ರೌನ್‌ಔಟ್ 2.7ಕ್ಕೆ ಹಾಕಿದ್ದೇನೆ, ಕೆಲಸವಿಲ್ಲದಾಗ ಚಿಪ್ ಮಾಡುವ ನಿದ್ದೆಯ ಹೊತ್ತಲ್ಲಿ ಮಾತ್ರ ಅದು ಆಫ್. 328ಪಿಯಲ್ಲಿ ಅದಕ್ಕೆ ಅವಕಾಶ ಇದೆ. ಕ್ಲಾಕನ್ನು 8ಕ್ಕೆ ಇಳಿಸಿದೆ, ಅದಕ್ಕೆ 2.4 ವೋಲ್ಟ್ ಸಾಕು. ಆನ್ ಆದ ಕೂಡಲೇ 16ರಲ್ಲಿ ಓಡದ ಹಾಗೆ ಕ್ಲಾಕನ್ನು ಎಂಟರಿಂದ ಭಾಗಿಸುವ ಫ್ಯೂಸನ್ನೂ (ಚಿಪ್ಪಿನೊಳಗಿನ ಒಂದು ಸೆಟ್ಟಿಂಗ್) ಹಾಕಿದೆ, 2ರಲ್ಲಿ ಎದ್ದು ಆಮೇಲೆ 8ಕ್ಕೆ ಹೋಗಲಿ.

ಅಪ್ಪನ ಫೋನ್ ಬಂತು. ಸಂಜೆ ನೀರು ಬಿಟ್ಟನಂತೆ, ಕೆಳಗಿನ ಸಾಲಿನ ನಾಲ್ಕು ಸಸಿ ಅನುಮಾನವಂತೆ. "ಡಬ್ಬಿ ಯಾವಾಗ ತರ್ತೀಯ?" ಅಂದ.

ಒಳಗಿನ 1.1 ವೋಲ್ಟ್ ರೆಫರೆನ್ಸನ್ನು ಅಳತೆಗೋಲಾಗಿ ಇಟ್ಟುಕೊಂಡು ಚಿಪ್ ತನ್ನ ಸೆಲ್ಲನ್ನು ತಾನೇ ಅಳೆಯಬಹುದು. ಮೂರು ವೋಲ್ಟಿಗಿಂತ ಇಳಿದರೆ ಎರಡೂ ದೀಪ ಒಟ್ಟಿಗೆ ಮಿನುಗಲಿ. ಇಲ್ಲ, ಹಸಿರು ಬೇಡ, ಕೆಂಪೊಂದೇ, ಇಲ್ಲಾಂದ್ರೆ ಒಂದು ಸಣ್ಣ ಬಜರ್ ಇಟ್ಟು