ದಿನಾ ಎಷ್ಟು ಕಿಲೋಮೀಟರ್ ಹೊಡೀಬೇಕು ಅಂತ ಕೇಳುವವರಿಗೆ

ಗುಂಪು ಕಟ್ಟಿಕೊಂಡು ಬೆಟ್ಟದ ದಾರಿಯಲ್ಲಿ ದಿನಗಟ್ಟಲೆ ಸೈಕಲ್ ತುಳಿಯುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ತಯಾರಿಗೆ ದಿನಾ ಎಷ್ಟು ಕಿಲೋಮೀಟರ್ ಹೊಡೀಬೇಕು?" ಕೆಲವರು ಇಷ್ಟಕ್ಕೇ ಬಿಡುವುದಿಲ್ಲ. ನನ್ನ ಹೊಟ್ಟೆ ಕಡೆ ಒಮ್ಮೆ ನೋಡಿ, "ನೀವೇ ಹೋಗಿ ಬಂದಿದ್ದೀರಿ ಅಂದ್ಮೇಲೆ ಅಷ್ಟೇನೂ ಕಷ್ಟ ಇರಲಿಕ್ಕಿಲ್ಲ, ಅಲ್ವಾ?" ಅಂತ ಬಾಲ ಸೇರಿಸುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಕಿಲೋಮೀಟರ್ ಲೆಕ್ಕ ಬಿಡಿ. ಬೆಟ್ಟಕ್ಕೆ ಹೋಗುವವರು ಎಷ್ಟು ಮೀಟರ್ ಮೇಲೆ ಹತ್ತಿದೆವು ಅಂತ ಲೆಕ್ಕ ಇಡಬೇಕು. 100 ಮೀಟರ್ ಸಾಗುವಷ್ಟರಲ್ಲಿ ರಸ್ತೆ 6 ಮೀಟರ್ ಮೇಲೇರಿದರೆ ಅದು ಶೇಕಡ 6ರ ಏರು. ಅಂಥದ್ದು 10 ಕಿಲೋಮೀಟರ್ ಇದ್ದರೆ 600 ಮೀಟರ್ ಎತ್ತರ ಹತ್ತಿದ ಹಾಗೆ. ನೀವು, ಸೈಕಲ್ಲು, ಬ್ಯಾಗು ಎಲ್ಲಾ ಸೇರಿ 95 ಕಿಲೋ ಇದ್ದರೆ ಅಷ್ಟನ್ನೂ ನಿಮ್ಮ ಕಾಲೇ ಮೇಲೆ ಒಯ್ಯಬೇಕು. ಸಮತಟ್ಟು ರಸ್ತೆಯಲ್ಲಾದರೆ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳಬಹುದು. ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ತಪ್ಪಿಸಿಕೊಳ್ಳುವಷ್ಟು ಗಾಳಿಯ ತಡೆಯೇ ಇರುವುದಿಲ್ಲ.

ಆಮೇಲೆ ಗೇರು. ನಿಮ್ಮ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಮುಂದೆ, ಅಂದರೆ ಪೆಡಲ್ ಪಕ್ಕದ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರಕ್ಕೂ 34 ಹಲ್ಲು ಇದೆ ಅಂತಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.1 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಹೊರೆ ಇಟ್ಟುಕೊಂಡು ಕಡಿದಾದ ಏರಿನಲ್ಲಿ ಅಷ್ಟು ವೇಗ ಆಗಲಿಲ್ಲ ಅಂದರೆ ಸುತ್ತು 40ಕ್ಕೆ ಇಳಿಯುತ್ತದೆ. ಆಗ ಭಾರವೆಲ್ಲ ಮಂಡಿಗೆ. ಮುಂದೆ 26, ಹಿಂದೆ 36 ಹಾಕಿಸಿಕೊಂಡರೆ ಅದೇ ಕಾಲು ನೆಮ್ಮದಿಯಾಗಿ ಹತ್ತುತ್ತದೆ. ಇದು ಸೋಮಾರಿಗಳ ಗೇರು ಅಂತ ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಹೌದು, ಸೋಮಾರಿಯೇ. ಮಂಡಿ ನೋವು ಅಂತ ಕೂತಿದ್ದು ಮಾತ್ರ ಅವರು.

ತಾಲೀಮು ಬೇಕೇ ಬೇಕು ಅಂದರೆ, ಪ್ರವಾಸಕ್ಕೆ ಒಯ್ಯುವ ಹೊರೆಯನ್ನೇ ಕಟ್ಟಿಕೊಂಡು ವಾರಕ್ಕೊಮ್ಮೆ ದೂರ ಹೋಗಿ ಬನ್ನಿ. ಮಾರನೇ ದಿನ ಸುಸ್ತಾದ ಕಾಲಲ್ಲೇ ಮತ್ತೆ ಹೊರಡಿ. ಅಷ್ಟೇ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಕೊನೆಯವನು ಮೇಲೆ ಬಂದು ಸೇರಿದ ಮೇಲೆ ಗುಂಪು ಎಷ್ಟು ಹೊತ್ತು ನಿಲ್ಲುತ್ತದೆ?

ಒಂದು ಪ್ರವಾಸದಲ್ಲಿ ನಾನು ಘಾಟಿಯ ನೆತ್ತಿಗೆ ಬಂದಾಗ ಎಲ್ಲರೂ ರಸ್ತೆ ಬದಿಯ ಮೋಟುಗೋಡೆ ಮೇಲೆ ಸಾಲಾಗಿ ಕೂತಿದ್ದರು. ಬೆವರು ಆರಿತ್ತು, ಜಾಕೆಟ್ ಹಾಕಿಕೊಂಡಿದ್ದರು, ಫೋಟೋ ತೆಗೆದಾಗಿತ್ತು. ನನ್ನ ಒಂದು ಕಾಲು ನೆಲಕ್ಕೆ ತಾಗಿತ್ತು, ಇನ್ನೊಂದು ಪೆಡಲ್ ಮೇಲೇ ಇತ್ತು. ನೀರಿನ ಬಾಟಲಿಯ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡಿದ್ದೆ. "ಬಂದ್ರಾ? ಸರಿ, ಹೊರಡೋಣ" ಅಂದರು. ಟಕ್ ಟಕ್ ಅಂತ ಹೆಲ್ಮೆಟ್ ಪಟ್ಟಿಗಳು ಬಿದ್ದವು. ಅರ್ಧ ಗಂಟೆ ನನಗೋಸ್ಕರ ಕಾದೆವು ಅನ್ನುವುದು ಅವರ ಲೆಕ್ಕ. ಆ ಅರ್ಧ ಗಂಟೆಯ ವಿಶ್ರಾಂತಿ ಪೂರ್ತಿ ಅವರದ್ದೇ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಎಲ್ಲರಿಗಿಂತ ಜಾಸ್ತಿ ದಣಿದವನಿಗೆ ಸಿಕ್ಕಿದ್ದು ಸೊನ್ನೆ.

ಒದ್ದೆ ಅಂಗಿಯಲ್ಲೇ ಇಳಿಜಾರಿಗೆ ಬಿದ್ದೆ. ಬೆರಳು ಮರಗಟ್ಟಿ ಬ್ರೇಕ್ ಹಿಡಿದಿದ್ದೇ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನ ಚಕ್ರ ಪಂಕ್ಚರ್. ತೂಕ ಹಂಚಿಕೊಳ್ಳೋಣ ಅಂತ ನಾಯಕರು ಪಂಪನ್ನು ಎಲ್ಲರಿಗಿಂತ ಮುಂದೆ ಹೋಗುವವನಿಗೆ ಕೊಟ್ಟಿದ್ದರು. ಅದು ಮೂರು ತಿರುವು ಕೆಳಗಿತ್ತು. ಅದು ಬಂದ ಮೇಲೆ ನೋಡಿದರೆ ದಪ್ಪ ಶ್ರೇಡರ್ ವಾಲ್ವಿನ ಪಂಪು. ನನ್ನ ಟ್ಯೂಬಿನದು ಸಣ್ಣ ಪ್ರೆಸ್ಟಾ ವಾಲ್ವು, ಅದಕ್ಕೆ ಇದು ಕೂರುವುದೇ ಇಲ್ಲ.

ಇದಕ್ಕೆಲ್ಲ ಮನೆ ಬಿಡುವ ಮೊದಲೇ ತಯಾರಿ ಆಗಬೇಕು. ಕೊನೆಯವನು ಬಂದ ಮೇಲೆ ಹತ್ತು ನಿಮಿಷ ಯಾರೂ ಕದಲಬಾರದು. ಇಳಿಯುವ ಮೊದಲು ಜಾಕೆಟ್ ಹಾಕಿಕೊಳ್ಳಲು ಅವನಿಗೂ ಸಮಯ ಬೇಕು. ಪ್ರತಿ ಕವಲಿನಲ್ಲೂ ಹಿಂದಿನವನು ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು, ಬೆಟ್ಟದಲ್ಲಿ ಫೋನ್ ನಂಬಿ ಕೂರುವಂತಿಲ್ಲ. ಪಂಪು, ಚೈನ್ ಕೊಂಡಿ, ಔಷಧಿ ಡಬ್ಬಿ ಎಲ್ಲಾ ಗುಂಪಿನ ಬಾಲದಲ್ಲಿರಬೇಕು. ಆ ಬಾಲಕ್ಕೆ ಗಟ್ಟಿಗರು ಸರದಿ ಮೇಲೆ ಬರಬೇಕು. ಮುಂದಿರುವವರು ಕೆಟ್ಟು ನಿಂತರೆ ಬಾಲ ಹೇಗೂ ಅಲ್ಲಿಗೆ ಬಂದೇ ಬರುತ್ತದೆ. ಬಾಲ ಕೆಟ್ಟು ನಿಂತರೆ ಮುಂದಿನವರಿಗೆ ಗೊತ್ತೇ ಆಗುವುದಿಲ್ಲ.

ಎತ್ತರದ ಬೆಟ್ಟ ಆದರೆ ಇನ್ನೂ ಒಂದು ಮಾತು. ಸುಮಾರು 2500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ಕಾಲಲ್ಲಿ ಕಸುವಿದೆ ಅಂತ ಇದು ಬಿಡುವುದಿಲ್ಲ. 3000 ಮೀಟರ್ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಎತ್ತರ ಇರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಮೇಲೆ ಹೋಗದೆ ಸುಮ್ನೆ ಉಳಿಯಬೇಕು. ನಿಧಾನದವನು ಸುಸ್ತು ಅಂತ ಬಾಯಿ ಬಿಟ್ಟು ಹೇಳಿಬಿಡುತ್ತಾನೆ, ಅವನಿಗೆ ಹೋಗುವ ಮಾನ ಏನೂ ಉಳಿದಿರುವುದಿಲ್ಲ. ನನಗೆ ಭಯ ಇರುವುದು ಮುಂದೆ ಓಡುವವನ ಬಗ್ಗೆ. ತಲೆ ಸಿಡಿಯುತ್ತಿದ್ದರೂ ಅವನು ತುಟಿ ಬಿಚ್ಚುವುದಿಲ್ಲ. ಯಾರಿಗೇ ತಲೆನೋವು ಬಂದರೂ ಅದು ಹೋಗುವ ತನಕ ಮೇಲೆ ಹತ್ತುವಂತಿಲ್ಲ, ಜಾಸ್ತಿಯಾದರೆ ಕೆಳಗಿಳಿಯಬೇಕು. ಇದಕ್ಕೆ ಎಲ್ಲರೂ ಮೊದಲೇ ಒಪ್ಪಿರಬೇಕು. ಮೇಲೆ ಹೋದ ಮೇಲೆ ಚರ್ಚೆಗೆ ಕೂತರೆ ಗೆಲ್ಲುವುದು ಜೋರು ಬಾಯಿಯವನೇ.

ಹಾಗಾಗಿ ನಮ್ಮ ಜೊತೆ ಬರುತ್ತೇವೆ ಅನ್ನುವವರಿಗೆ ಈಗ ನಾನೇ ಒಂದು ಪ್ರಶ್ನೆ ಹಾಕುತ್ತೇನೆ. ಇಡೀ ದಿನ ನನ್ನ ಹಿಂದೆ, ಒಮ್ಮೆಯೂ ದಾಟಿ ಹೋಗದೆ, ನಿಟ್ಟುಸಿರು ಬಿಡದೆ ತುಳಿಯುತ್ತೀರಾ? ತುಂಬಾ ಜನ ನಕ್ಕು ಮಾತು ಬದಲಿಸುತ್ತಾರೆ. ಹೂಂ ಅಂದವರ ಬ್ಯಾಗಿಗೆ ಪಂಪು ಹೋಗುತ್ತದೆ.