ಪರದೇಶಕ್ಕಾಗಿ ಹಾರಿದವರ ಜಾಡಿನಲ್ಲಿ: ಪ್ಯಾರಿಸ್ ಸುತ್ತ ಒಂದು ಬೇರೆ ಥರದ ಪ್ರವಾಸ

ಹಳೆಯ ಯುದ್ಧ ವಿಮಾನಗಳ ಹುಚ್ಚು ಇರುವವರು ಪ್ಯಾರಿಸ್‌ಗೆ ಹೋದರೆ ಎರಡು ಜಾಗ ಬಿಡಲೇಬಾರದು. ಒಂದು, ಲ ಬೂರ್ಜೆಯ ವಿಮಾನ ಮ್ಯೂಸಿಯಂ. ಇನ್ನೊಂದು, ಮಾರ್ನ್-ಲಾ-ಕೊಕೆತ್ ಎಂಬ ಪುಟ್ಟ ಊರಿನಲ್ಲಿರುವ ಲಫಾಯೆತ್ ಸ್ಮಾರಕ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹಾರಿ ಸತ್ತ ಅಮೆರಿಕನ್ ಪೈಲಟ್‌ಗಳ ಸ್ಮಾರಕ ಅದು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಒಂದು ಪ್ಯಾರಿಸ್‌ನ ಈಶಾನ್ಯಕ್ಕಿದೆ, ಇನ್ನೊಂದು ಪಶ್ಚಿಮಕ್ಕೆ. ಮ್ಯೂಸಿಯಂ ಮೊದಲು, ಸ್ಮಾರಕ ಆಮೇಲೆ ಇಟ್ಟುಕೊಳ್ಳಿ. ಆ ಹುಡುಗರು ಎಂಥಾ ಯಂತ್ರ ಹತ್ತಿ ಹೋಗಿದ್ದರು ಅಂತ ಕಣ್ಣಾರೆ ನೋಡದಿದ್ದರೆ ಸ್ಮಾರಕದ ಹೆಸರುಗಳು ಸುಮ್ನೆ ಹೆಸರುಗಳಾಗಿಯೇ ಉಳಿಯುತ್ತವೆ.

ಸ್ವಲ್ಪ ಹಿನ್ನೆಲೆ ಗೊತ್ತಿರಲಿ. ಮೊದಲ ಮಹಾಯುದ್ಧ 1914ರಲ್ಲಿ ಶುರುವಾದರೂ ಅಮೆರಿಕ 1917ರ ಏಪ್ರಿಲ್‌ವರೆಗೆ ಹೊರಗೇ ಇತ್ತು. ಆದರೂ ಕೆಲವು ಅಮೆರಿಕನ್ನರು ಫ್ರಾನ್ಸ್ ಪರ ನಿಲ್ಲಲು ತಾವೇ ಬಂದರು. ಕೆಲವರು ಫಾರಿನ್ ಲೀಜನ್ (ವಿದೇಶಿಯರನ್ನು ಸೇರಿಸಿಕೊಳ್ಳುವ ಫ್ರೆಂಚ್ ಸೇನಾ ಪಡೆ) ಸೇರಿ ಕಂದಕದಲ್ಲಿ ಕಾದಿದರು, ಕೆಲವರು ಆಂಬ್ಯುಲೆನ್ಸ್ ಓಡಿಸಿದರು. ಅಲ್ಲಿಂದ ವಿಮಾನದ ಕಡೆ ಹೊರಳಿದರು. 1916ರ ಏಪ್ರಿಲ್ 20ರಂದು ಲುಕ್ಸೋಯಿ ಎಂಬ ಊರಿನಲ್ಲಿ ಇಂಥವರದ್ದೇ ಒಂದು ದಳ ಕಟ್ಟಲಾಯಿತು. ನಾಯಕ ಮಾತ್ರ ಫ್ರೆಂಚ್ ಅಧಿಕಾರಿ, ಕ್ಯಾಪ್ಟನ್ ಜಾರ್ಜ್ ತೆನೋ. ಮೊದಲು ಇದನ್ನು ಅಮೆರಿಕನ್ ದಳ ಅಂತಲೇ ಕರೆಯುತ್ತಿದ್ದರು. ನೀವು ತಟಸ್ಥರಲ್ಲವೇ ಅಂತ ಜರ್ಮನಿ ತಕರಾರು ತೆಗೆದ ಮೇಲೆ ವರ್ಷದ ಕೊನೆಗೆ ಲಫಾಯೆತ್ ದಳ ಅಂತ ಹೆಸರು ಬದಲಾಯಿತು. ಲಫಾಯೆತ್ ಅಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕನ್ನರ ಪರ ಕಾದಿದ ಫ್ರೆಂಚ್ ಸೇನಾನಿ. ಒಟ್ಟು 38 ಅಮೆರಿಕನ್ ಪೈಲಟ್‌ಗಳು ಇದರಲ್ಲಿ ಹಾರಿದರು. ವಿಸ್ಕಿ, ಸೋಡಾ ಅಂತ ಎರಡು ಸಿಂಹದ ಮರಿಗಳನ್ನೂ ಸಾಕಿಕೊಂಡಿದ್ದರು. ಯುದ್ಧದ ನಡುವೆ ಸಿಂಹ ಸಾಕುವ ವಯಸ್ಸು ಅದು.

ಮ್ಯೂಸಿಯಂಗೆ ಹೋಗಲು ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ಆರ್‌ಇಆರ್ ಬಿ ರೈಲು ಹತ್ತಿ, ಲ ಬೂರ್ಜೆಯಲ್ಲಿ ಇಳಿದು, 152 ನಂಬರ್ ಬಸ್ ಹಿಡಿಯಿರಿ. ಸೋಮವಾರ ರಜೆ. 2025ರಿಂದ ಪ್ಯಾರಿಸ್ ಸುತ್ತಮುತ್ತ ಮೆಟ್ರೋ, ರೈಲುಗಳಿಗೆ ದೂರ ಎಷ್ಟಿದ್ದರೂ ಒಂದೇ ದರದ ಟಿಕೆಟ್, ವಿಮಾನ ನಿಲ್ದಾಣಕ್ಕೆ ಮಾತ್ರ ಬೇರೆ. ಬಸ್‌ಗೂ ಬೇರೆ ಟಿಕೆಟ್ ಬೇಕು. ನಾವಿಗೋ ಈಸಿ ಕಾರ್ಡ್ ತಗೊಂಡರೆ ಎರಡನ್ನೂ ಅದಕ್ಕೇ ತುಂಬಿಸಬಹುದು.

ಒಳಗೆ ಹೋದರೆ ರಾಕೆಟ್, ಕಾಂಕಾರ್ಡ್ ಅಂತ ಮಕ್ಕಳು ಎಳೆಯುತ್ತಾರೆ. ಅವೆಲ್ಲ ಆಮೇಲೆ. ಹಳೆಯ ಟರ್ಮಿನಲ್ ಕಟ್ಟಡದ ದೊಡ್ಡ ಗ್ಯಾಲರಿಗೆ ಮೊದಲು ಹೋಗಿ. ಅಲ್ಲಿ ನ್ಯೂಪೋರ್ 11 ಇದೆ. ಲಫಾಯೆತ್ ದಳ ಮೊದಲು ಹಾರಿಸಿದ್ದು ಇದೇ ಮಾದರಿಯ ವಿಮಾನ. ಮರದ ಚೌಕಟ್ಟು, ಮೇಲೆ ಬಟ್ಟೆ. ಖಾಲಿ ತೂಕ ಎರಡು ಬುಲೆಟ್ ಬೈಕ್‌ಗಳಿಗಿಂತ ಕಡಿಮೆ! ಮೇಲಿನ ರೆಕ್ಕೆಯತ್ತ ಕತ್ತೆತ್ತಿ ನೋಡಿ. ವಿಮಾನದ ಮೂತಿಯಲ್ಲಿ ತಿರುಗುವ ಫ್ಯಾನಿಗೆ ಗುಂಡು ತಾಗಬಾರದು ಅಂತ ಬಂದೂಕನ್ನು ಅಷ್ಟು ಎತ್ತರಕ್ಕೆ ಕೂರಿಸುತ್ತಿದ್ದರು. ಅದರ ಡ್ರಮ್‌ನಲ್ಲಿ ಹಿಡಿಯುತ್ತಿದ್ದದ್ದು 47 ಗುಂಡು. ಖಾಲಿಯಾದರೆ ಪೈಲಟ್ ವಿಮಾನ ನಡೆಸುವ ಕೋಲನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಚಳಿಗಾಳಿಯಲ್ಲಿ ಕೈ ಮೇಲೆತ್ತಿ ಡ್ರಮ್ ಬದಲಿಸಬೇಕು. ಶತ್ರು ಹಿಂದೆ ಇದ್ದಾಗಲೂ ಇದೇ ಕತೆ. ಪ್ಯಾರಾಚೂಟ್ ಅಂತೂ ಇಲ್ಲವೇ ಇಲ್ಲ.

ಎಂಜಿನ್ನನ್ನೂ ಹತ್ತಿರದಿಂದ ನೋಡಿ. ಇದರಲ್ಲಿ ಫ್ಯಾನಿನ ಜೊತೆ ಇಡೀ ಎಂಜಿನ್ನೇ ತಿರುಗುತ್ತದೆ. ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತಾ? ನಮ್ಮ ಹರಳೆಣ್ಣೆ. ಉರಿಯದೆ ಉಳಿದ ಎಣ್ಣೆ ಹನಿಹನಿಯಾಗಿ ಪೈಲಟ್ ಮುಖಕ್ಕೆ ರಾಚುತ್ತಿತ್ತು, ಹೊಟ್ಟೆಗೂ ಹೋಗುತ್ತಿತ್ತು. ಅದರ ಪರಿಣಾಮ ಏನು ಅಂತ ಚಿಕ್ಕಂದಿನಲ್ಲಿ ಅಜ್ಜಿ ಕೈಯಲ್ಲಿ ಹರಳೆಣ್ಣೆ ಕುಡಿದವರಿಗೆ ಹೇಳಬೇಕಿಲ್ಲ, ಅಲ್ವಾ?

ಸ್ಮಾರಕಕ್ಕೆ ಸಾಂ-ಲಾಜಾರ್ ನಿಲ್ದಾಣದಿಂದ ಎಲ್ ಲೈನ್ ರೈಲು. ಇಳಿಯಬೇಕಾದ ನಿಲ್ದಾಣ ಗಾರ್ಶ್–ಮಾರ್ನ್-ಲಾ-ಕೊಕೆತ್. ಎಲ್ ಲೈನ್ ಕವಲೊಡೆಯುತ್ತದೆ. ಹತ್ತುವ ಮುಂಚೆ ಬೋರ್ಡಿನಲ್ಲಿ ನಿಮ್ಮ ನಿಲ್ದಾಣದ ಹೆಸರಿದೆಯಾ ನೋಡಿಕೊಳ್ಳಿ. ಅಲ್ಲಿಂದ ನಡೆದೇ ಹೋಗಬಹುದು. 2017ರಿಂದ ಸ್ಮಾರಕವನ್ನು ನೋಡಿಕೊಳ್ಳುತ್ತಿರುವುದು ಅಮೆರಿಕದ ಯುದ್ಧ ಸ್ಮಾರಕ ಆಯೋಗ. ಸ್ಮಾರಕದ ಕೆಳಗೆ ಶವಪೆಟ್ಟಿಗೆಗಳಿರುವ ನೆಲಮಾಳಿಗೆ ಯಾವಾಗ ತೆರೆದಿರುತ್ತದೆ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ಅದನ್ನು ನೋಡದೆ ಬಂದರೆ ಅರ್ಧ ಪ್ರವಾಸ ದಂಡ. ಸುತ್ತ ಹೋಟೆಲುಗಳೂ ಕಡಿಮೆ, ತಿನ್ನಲು ಏನಾದರೂ ಕಟ್ಟಿಕೊಂಡು ಹೋಗಿ.

ಹೊರಗಿನಿಂದ ಕಾಣುವುದು ಪ್ಯಾರಿಸ್‌ನ ಆರ್ಕ್ ದ ಟ್ರಿಯೋಂಫ್‌ನ ಅರ್ಧ ಅಳತೆಯ ಕಮಾನು. 1928ರ ಜುಲೈ 4ರಂದು ಉದ್ಘಾಟನೆಯಾಯಿತು. ಕಮಾನಿಗಿಂತ ನನಗೆ ಹಿಡಿಸಿದ್ದು ಕೆಳಗಿನ ನೆಲಮಾಳಿಗೆ. ಹದಿಮೂರು ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಬೀಳುತ್ತದೆ. 68 ಕಲ್ಲಿನ ಶವಪೆಟ್ಟಿಗೆಗಳಿವೆ, ಕೆಲವು ಖಾಲಿ. ಇಲ್ಲಿ 49 ಅಮೆರಿಕನ್ನರು, ಅವರ ಇಬ್ಬರು ಫ್ರೆಂಚ್ ಅಧಿಕಾರಿಗಳು ಮಲಗಿದ್ದಾರೆ. ಲಫಾಯೆತ್ ದಳದವರಷ್ಟೇ ಅಲ್ಲ, ಬೇರೆ ಫ್ರೆಂಚ್ ದಳಗಳಲ್ಲಿ ಹಾರಿ ಸತ್ತ ಅಮೆರಿಕನ್ನರಿಗೂ ಇದೇ ಸ್ಮಾರಕ.

ಹೋಗುವ ಮುಂಚೆ ಎರಡು ಹೆಸರು ಓದಿಕೊಂಡು ಹೋಗಿ. ವಿಕ್ಟರ್ ಚಾಪ್‌ಮನ್, ದಳದಲ್ಲಿ ಮೊದಲು ಸತ್ತವನು. 1916ರ ಜೂನ್ 23ರಂದು, ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಗೆಳೆಯನಿಗೆ ಕಿತ್ತಳೆ ಹಣ್ಣು ಕೊಡಲು ಹೊರಟಿದ್ದ ಅಂತ ಹೇಳುತ್ತಾರೆ. ದಾರಿಯಲ್ಲಿ ವರ್ದೂನ್ ಎಂಬ ರಣರಂಗದ ಬಳಿ ಕಾಳಗಕ್ಕೆ ನುಗ್ಗಿ ಬಿದ್ದ. ಇನ್ನೊಬ್ಬ ರಾವುಲ್ ಲಫ್‌ಬೆರಿ, ಶತ್ರು ವಿಮಾನ ಉರುಳಿಸುವುದರಲ್ಲಿ ದಳದ ಅತಿ ದೊಡ್ಡ ಬೇಟೆಗಾರ. 1918ರ ಮೇ ತಿಂಗಳಲ್ಲಿ ಅವನ ವಿಮಾನಕ್ಕೆ ಬೆಂಕಿ ಹತ್ತಿತು.

ಇನ್ನೊಬ್ಬನ ಕತೆ ತಿಳಿದಿರಬೇಕು. ಯೂಜೀನ್ ಬುಲ್ಲಾರ್ಡ್, ಜಾರ್ಜಿಯಾ ರಾಜ್ಯದ ಕಪ್ಪು ಅಮೆರಿಕನ್. ವರ್ದೂನ್‌ನಲ್ಲಿ ಗಾಯಗೊಂಡು, ಆಮೇಲೆ ಫ್ರೆಂಚ್ ಪೈಲಟ್ ಆಗಿ 1917ರಲ್ಲಿ ಹಾರಿದವನು. ಅಮೆರಿಕ ಯುದ್ಧಕ್ಕೆ ಇಳಿದು ಈ ಸ್ವಯಂಸೇವಕರನ್ನು ತನ್ನ ಪಡೆಗೆ ಸೇರಿಸಿಕೊಂಡಾಗ ಇವನನ್ನು ತಗೊಳ್ಳಲಿಲ್ಲ. ಮುಂದೆ ನ್ಯೂಯಾರ್ಕ್‌ನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡಿದ. ಅಮೆರಿಕದ ವಾಯುಪಡೆ ಅವನಿಗೆ ಅಧಿಕಾರಿಯ ದರ್ಜೆ ಕೊಟ್ಟಿದ್ದು 1994ರಲ್ಲಿ, ಸತ್ತು 33 ವರ್ಷದ ಮೇಲೆ.

ನಮ್ಮವರೂ ಇದ್ದರು. ಹರ್ದಿತ್ ಸಿಂಗ್ ಮಲಿಕ್ ಮೊದಲು ಫ್ರೆಂಚರ ಆಂಬ್ಯುಲೆನ್ಸ್ ಓಡಿಸಿದವರು. ಆಮೇಲೆ ಬ್ರಿಟಿಷ್ ವಿಮಾನ ದಳ ಸೇರಿ ಪೇಟದ ಮೇಲೆ ಕೂರುವಂಥ ಹೆಲ್ಮೆಟ್ ಹಾಕಿ ಹಾರಿದರು. ಸ್ವಾತಂತ್ರ್ಯ ಬಂದ ಮೇಲೆ ಫ್ರಾನ್ಸ್‌ಗೆ ನಮ್ಮ ರಾಯಭಾರಿಯಾಗಿ ಬಂದರು. ಕಲ್ಕತ್ತೆಯ ಇಂದ್ರ ಲಾಲ್ ರಾಯ್ 1918ರ ಜುಲೈನಲ್ಲಿ ಎರಡು ವಾರದೊಳಗೆ ಆಕಾಶದ ಕಾಳಗದಲ್ಲಿ ಹತ್ತು ಗೆಲುವು ಗಳಿಸಿ, ಅದೇ ತಿಂಗಳ 22ರಂದು ಸತ್ತರು. ಆಗ ವಯಸ್ಸು 19. ಸಮಾಧಿ ಉತ್ತರ ಫ್ರಾನ್ಸ್‌ನ ಎಸ್ತೆವೆಲ್ ಎಂಬ ಹಳ್ಳಿಯಲ್ಲಿದೆ. ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳಿವೆ.

ಒಂದು ಪೂರ್ತಿ ದಿನ ಕೈಯಲ್ಲಿದ್ದರೆ ಅಲ್ಲಿಗೂ ಹೋಗಿ. ಗಾರ್ ದ್ಯು ನೋರ್‌ನಿಂದ ಲಾನ್ಸ್ ಪಟ್ಟಣಕ್ಕೆ ವೇಗದ ರೈಲಿದೆ, ಮುಂಚೆ ಬುಕ್ ಮಾಡಿದರೆ ಅಗ್ಗ. ಗಾರ್ ದ್ಯು ನೋರ್ ಪಕ್ಕದ ಲಾ ಶಾಪೆಲ್ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ, ಇಡ್ಲಿ ದೋಸೆ ಸಿಗುತ್ತದೆ. ಲಾನ್ಸ್‌ನಿಂದ ಮುಂದಕ್ಕೆ ಟ್ಯಾಕ್ಸಿಯೇ ಸರಿ. ಸಮಾಧಿಯ ಹತ್ತಿರ ಕಾಯಬೇಕು, ಆಮೇಲೆ ನವ್-ಶಾಪೆಲ್‌ನ ಭಾರತೀಯ ಸೈನಿಕರ ಸ್ಮಾರಕಕ್ಕೂ ಕರೆದೊಯ್ಯಬೇಕು ಅಂತ ಹತ್ತುವ ಮುಂಚೆಯೇ ಚಾಲಕರ ಹತ್ತಿರ ಮಾತಾಡಿ ದರ ಗೊತ್ತುಮಾಡಿಕೊಳ್ಳಿ. ಆ ಹಳ್ಳಿಯಲ್ಲಿ ನಿಂತು ವಾಪಸ್ ಬರಲು ಇನ್ನೊಂದು ಟ್ಯಾಕ್ಸಿ ಹುಡುಕುವುದು ಕಷ್ಟ.