ಪ್ರಶಾಂತವಾಗಿ ಕೊಟ್ಟ ಐದನೆಯ ಕಟ್ಟು

ಸಿಸಿಟಿವಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವ ಪ್ರಸಂಗ ಯಾವ ಕ್ಯಾಷಿಯರಿಗೂ ಬರಬಾರದು. ನನಗೆ ಬಂತು. ಸಂಜೆ ಐದೂವರೆ, ಮ್ಯಾನೇಜರ್ ಕ್ಯಾಬಿನ್ನು, ಮಂಕು ಹಿಡಿದ ಒಂದು ಪರದೆ. ಅದರಲ್ಲಿ ಕೌಂಟರಿನ ಹಿಂದೆ ಒಬ್ಬ ಮನುಷ್ಯ ಕುಳಿತಿದ್ದಾನೆ. ರೆಪ್ಪೆ ಅರ್ಧ ಇಳಿದಿದೆ, ಬೆನ್ನು ಕೋಲಿನಷ್ಟು ನೆಟ್ಟಗಿದೆ, ತುಟಿಯ ಮೇಲೆ ಕಂಡೂ ಕಾಣದ ನಗೆ. ಅವನು ಅವಸರವಿಲ್ಲದೆ, ಪ್ರಸಾದ ಹಂಚುವವನ ಮರ್ಯಾದೆಯಿಂದ, ಐನೂರರ ಐದು ಕಟ್ಟುಗಳನ್ನು ಕಿಂಡಿಯಿಂದ ಆಚೆ ಸರಿಸುತ್ತಾನೆ. ಕೊಡಬೇಕಾಗಿದ್ದುದು ನಾಲ್ಕು.

ಅದಕ್ಕೆ ಮೂರು ವಾರ ಮೊದಲು ನಾನು ವಿಪಶ್ಯನಾ ಧ್ಯಾನದ ಶಿಬಿರ ಮುಗಿಸಿ ಬಂದಿದ್ದೆ. ಉಳಿದಿದ್ದ ಪಿಎಲ್ (ಗಳಿಕೆ ರಜೆ) ಎಲ್ಲವನ್ನೂ ಸುರಿದು ಪಡೆದ 10 ದಿನ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ಹನ್ನೊಂದಕ್ಕೆ ಊಟ, ಮೊಬೈಲಿಲ್ಲ, ಪೆನ್ನಿಲ್ಲ, ಮಾತಿಲ್ಲ. ಮೊದಲ ಮೂರು ದಿನ ಆನಾಪಾನ: ಮೂಗಿನಿಂದ ಮೇಲ್ತುಟಿಯವರೆಗಿನ ಸಣ್ಣ ತ್ರಿಕೋನದಲ್ಲಿ ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸುವುದು, ಅಷ್ಟೆ. ನಾಲ್ಕನೆಯ ದಿನದಿಂದ ಮೈಯೆಲ್ಲ ಸುತ್ತಿ ಬರುವ ಸಂವೇದನೆಗಳನ್ನು ನೋಡುವುದು. ಉರಿ, ನವೆ, ನೋವು ಏನೇ ಬಂದರೂ 'ಅನಿಚ್ಚ', ಅನಿತ್ಯ, ಹೋಗುತ್ತದೆ ಎಂದು ಸುಮ್ಮನಿರುವುದು. ಮಂಡಿ ಸತ್ತುಹೋಯಿತು ಎನ್ನಿಸಿದ್ದು ನಿಜ. ಹತ್ತನೆಯ ದಿನ ಬಾಯಿ ಬಿಡಲು ಅನುಮತಿ ಸಿಕ್ಕಾಗ ಮಾತೇ ಬೇಡವೆನ್ನಿಸಿದ್ದೂ ನಿಜ. ಶಿಬಿರದ ಬಗ್ಗೆ ನನ್ನದೊಂದು ದೂರೂ ಇಲ್ಲ. ತಪ್ಪೆಲ್ಲ ನಾನು ಊರಿಗೆ ತಂದುಕೊಂಡ ಅಹಂಕಾರದ್ದು.

ಆ ಅಹಂಕಾರಕ್ಕೆ ನೀರೆರೆದದ್ದು ಒಂದು ವಿವರ. ವಿಪಶ್ಯನಾ ಗುರು ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಈ ವಿದ್ಯೆ ತಂದರಲ್ಲ, ಅವರ ಗುರು ಸಯಾಜಿ ಉ ಬಾ ಖಿನ್ ಸಂನ್ಯಾಸಿಯಲ್ಲ, ಸರ್ಕಾರಿ ಲೆಕ್ಕಾಧಿಕಾರಿ. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ದೇಶದ ಅಕೌಂಟೆಂಟ್ ಜನರಲ್ ಆದವರು. ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸಿದರು, 1952ರಲ್ಲಿ ರಂಗೂನಿನಲ್ಲಿ ಕೇಂದ್ರ ತೆರೆದರು, ಜೊತೆಗೆ ನೌಕರಿಯನ್ನೂ ಮಾಡಿದರು. ಇದನ್ನು ತಿಳಿದ ದಿನ ನಾನು ಹಿಗ್ಗಿ ಹೀರೇಕಾಯಿಯಾದೆ. ಲೆಡ್ಜರಿನವರ ವಿದ್ಯೆ ಇದು, ನಮ್ಮವರದು! ಇಡೀ ದೇಶದ ಲೆಕ್ಕ ನೋಡುತ್ತ ಅವರಿಗೆ ಸಾಧ್ಯವಾದದ್ದು ಒಂದು ಡ್ರಾಯರಿನ ಲೆಕ್ಕ ನೋಡುವ ನನಗೆ ಏಕೆ ಆಗಬಾರದು? ಲೆಕ್ಕ ಮಾಡುತ್ತಲೇ ಉಸಿರು ನೋಡಬೇಕೆಂದು ಅವರು ಎಲ್ಲೂ ಹೇಳಿರಲಿಲ್ಲ. ಆ ಭಾಗವನ್ನು ನಾನೇ ಸೇರಿಸಿಕೊಂಡೆ.

ಎರಡು ವಾರ ಚೆನ್ನಾಗಿಯೇ ನಡೆಯಿತು. ಕೌಂಟರಿನಲ್ಲಿ ನಾನು ಸಿಡುಕುವುದು ನಿಂತಿದೆ ಎಂದು ಅಟೆಂಡರ್ ಕೂಡ ಹೇಳಿದ. ಪಾಸ್‌ಬುಕ್ ಪ್ರಿಂಟರ್ ಕೆಟ್ಟರೆ (ಅದು ಕೆಟ್ಟೇ ಇರುತ್ತದೆ, ಕಾಲ್ ಲಾಗ್ ಮಾಡಿ ನಾಲ್ಕು ತಿಂಗಳಾಯಿತು) ಜನ ಬೈದುಕೊಂಡು ಹೋಗುವುದು ನನ್ನ ಮುಂದೆ. ನಾನು ಮುಗುಳ್ನಗುತ್ತಿದ್ದೆ.

ಆ ಸೋಮವಾರ ಎರಡನೆಯ ಶನಿವಾರದ ರಜೆ ಕಳೆದು ಬಂದದ್ದು. ಮೇಲಾಗಿ ನವೆಂಬರ್, ಲೈಫ್ ಸರ್ಟಿಫಿಕೇಟ್ ಕಾಲ. ಎರಡು ಕ್ಯಾಶ್ ಕೌಂಟರುಗಳನ್ನು ಒಂದು ಮಾಡಿ ವರ್ಷವಾಗಿತ್ತು, 'ತಾತ್ಕಾಲಿಕ' ಎಂದಿದ್ದರು. ಹನ್ನೆರಡರ ಹೊತ್ತಿಗೆ ಪಕ್ಕದ ಟೇಬಲಿನಲ್ಲಿ ಪಿಂಚಣಿದಾರರೊಬ್ಬರ ಬೆರಳಚ್ಚು ಯಂತ್ರಕ್ಕೆ ಒಪ್ಪಿಗೆಯಾಗಲಿಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ, ಒರೆಸಿ ಮತ್ತೊಮ್ಮೆ. ಹಿರಿಯರು ಕೆರಳಿ ನನ್ನ ಕಿಂಡಿಗೇ ಬಂದರು. "ಎದುರಿಗೆ ನಿಂತಿದ್ದೇನಲ್ಲ, ನಾನು ಬದುಕಿದ್ದೇನೆ ಎನ್ನಲು ನಿಮಗೆ ಬೆರಳು ಬೇರೆ ಬೇಕೇ?" ನ್ಯಾಯವಾದ ಪ್ರಶ್ನೆ. ಆದರೆ ಕೇಳಿದ್ದು ಇಡೀ ಬ್ಯಾಂಕಿಗೆ ಕೇಳುವ ಹಾಗೆ.

ಅದೇ ಹೊತ್ತಿಗೆ ನನ್ನ ಎದುರಿಗಿದ್ದವರು ಒಬ್ಬ ಮೇಸ್ತ್ರಿ. ಕಂಟ್ರಾಕ್ಟರ್ ಕೊಟ್ಟ ಎರಡು ಲಕ್ಷದ ಬೇರರ್ ಚೆಕ್, ಪಾಸಾಗಿ ಬಂದಿತ್ತು. ಸಿಸ್ಟಮ್ಮಿನಲ್ಲಿ ಡಿನಾಮಿನೇಷನ್ ಸರಿಯಾಗಿಯೇ ಹಾಕಿದೆ: 500 × 400, ಅಂದರೆ ನೂರು ನೋಟಿನ ನಾಲ್ಕು ಕಟ್ಟು. ಡ್ರಾಯರಿಗೆ ಕೈ ಹಾಕಿದೆ. ಹಿರಿಯರ ಕೂಗಿಗೆ ನನ್ನ ಬಲಗಿವಿ ಬಿಸಿಯಾಯಿತು. ಅಗೋ, ಸಂವೇದನೆ! ಕಿವಿಯ ತುದಿಯಲ್ಲಿ ಶುರುವಾದ ಬಿಸಿ ಕೆನ್ನೆಗೆ ಇಳಿಯುವುದನ್ನು ನೋಡಿದೆ. ಅನಿಚ್ಚ. ಕುತ್ತಿಗೆಯ ಹಿಂದೆ ಒಂದು ಮಿಡಿತ. ಅನಿಚ್ಚ. ಉಸಿರು ಚಿಕ್ಕದಾಗಿ, ಮತ್ತೆ ಉದ್ದವಾಯಿತು. ಹಿರಿಯರ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಎಷ್ಟು ಸೊಗಸಾಗಿ ಗೆದ್ದೆ ಎನ್ನಿಸಿತು. ಆ ಅರ್ಧ ನಿಮಿಷದಲ್ಲಿ ನನ್ನ ಒಳಗೆ ಏನೇನಾಯಿತು ಎಂಬುದನ್ನು ಈಗಲೂ ಸೆಕೆಂಡಿನ ಲೆಕ್ಕದಲ್ಲಿ ಹೇಳಬಲ್ಲೆ. ಕೈ ಏನು ಮಾಡಿತು ಎಂಬುದು ಮಾತ್ರ ಗೊತ್ತಿಲ್ಲ.

ನಾಲ್ಕೂ ಮುಕ್ಕಾಲಿಗೆ ಕ್ಲೋಸಿಂಗ್. 50,000 ಶಾರ್ಟ್.

ಮೊದಲ ಸಲ ಎಣಿಸಿದಾಗ ನಕ್ಕೆ. ಎರಡನೆಯ ಸಲ ಬೆವರಿದೆ. ಮೂರನೆಯ ಸಲ ಹಿರಿಯ ಕ್ಯಾಷಿಯರ್ ಮೇಡಂ ಬಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಎಣಿಸಿದರು. ವೋಚರುಗಳನ್ನು ಸ್ಕ್ರಾಲಿಗೆ (ದಿನದ ವಹಿವಾಟಿನ ಪಟ್ಟಿಗೆ) ಹಿಡಿದು ಒಂದೊಂದೇ ಟಿಕ್ ಹಾಕಿದೆವು. ಕಸದ ಬುಟ್ಟಿ ಬೋರಲು ಹಾಕಿದೆವು, ಹರಿದ ಸುತ್ತುಪಟ್ಟಿಗಳು, ಒಂದು ಚಕ್ಕುಲಿ ಚೂರು. ಡ್ರಾಯರು ಪೂರ್ತಿ ಹೊರಗೆಳೆದು ಅದರ ಹಿಂದೆ ಟಾರ್ಚ್ ಬಿಟ್ಟೆವು. ಸ್ಟ್ರಾಂಗ್ ರೂಮಿನ ಎರಡನೆಯ ಬೀಗದ ಕೈ ಹಿಡಿದ ಆಫೀಸರ್ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಅವರಿಗೆ ಆರೂ ಹತ್ತರ ರೈಲು. ಯಾರೂ ಒಂದು ಮಾತೂ ಆಡಲಿಲ್ಲ. ಶಿಬಿರದ ಆರ್ಯಮೌನ ಇಷ್ಟು ಭಾರವಾಗಿರಲಿಲ್ಲ.

ಆಮೇಲೆ ಕ್ಯಾಬಿನ್ನು, ಆಮೇಲೆ ಆ ಪರದೆ. ಮ್ಯಾನೇಜರ್ ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸಿದರು. ಒಂದು, ಎರಡು, ಮೂರು, ನನ್ನ ಮುಖ ಸ್ವಲ್ಪ ಮೇಲೆದ್ದು ಸ್ಥಿರವಾಗುತ್ತದೆ, ನಾಲ್ಕು, ಐದು. ಮೇಸ್ತ್ರಿಯ ತುಟಿ ಎರಡು ಸಲ ಅಲುಗುತ್ತದೆ. ನಾನು ನಕ್ಕು ತಲೆಯಾಡಿಸುತ್ತೇನೆ. "ಇಲ್ಲಿ ನೀವು ಎಚ್ಚರವಾಗಿದ್ದಿರಾ?" ಎಂದು ಮ್ಯಾನೇಜರ್ ಕೇಳಿದರು. ಎಚ್ಚರವಾಗಿಯೇ ಇದ್ದೆ ಎನ್ನಲು ಬಾಯಿ ತೆರೆದು ಮುಚ್ಚಿದೆ.

ಧ್ಯಾನದ ಬಗ್ಗೆ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ಉಸಿರಿನ ಮಾತು ಮುಗಿದು ಸ್ವಲ್ಪ ಮುಂದೆ ಹೋದರೆ ಬೇರೆಯದೊಂದು ಮಾತು ಬರುತ್ತದೆ: ನಡೆಯುವಾಗ, ತಿನ್ನುವಾಗ, ಕೈ ಮಡಚುವಾಗ, ಕೈ ಚಾಚುವಾಗ ಆ ಕೆಲಸದ ಅರಿವಿರಬೇಕು ಎಂದು. ಅದು ನನಗೆ ನೆನಪಾದದ್ದು ಆ ಕ್ಯಾಬಿನ್ನಿನಲ್ಲಿ. ಐದು ಸಲ ಕೈ ಚಾಚಿದ್ದೆ. ಐದು ಸಲವೂ ನಾನು ಕಿವಿಯಲ್ಲಿದ್ದೆ.

ಚೆಕ್ಕಿನ ಹಿಂದೆ ಬರೆದಿದ್ದ ಮೇಸ್ತ್ರಿಯ ನಂಬರ್ ಸ್ವಿಚ್ ಆಫ್. ಕಂಟ್ರಾಕ್ಟರ್ ಫೋನ್ ಎತ್ತಿ, "ನಾನು ಕೊಟ್ಟಿದ್ದು ಎರಡು ಲಕ್ಷದ ಚೆಕ್, ಮಿಕ್ಕಿದ್ದು ನನಗೆ ಗೊತ್ತಿಲ್ಲ" ಎಂದು ಇಟ್ಟರು. ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚುವುದು, ಕಾಯುವುದಿಲ್ಲವಲ್ಲ. ನನ್ನದೇ ಎಸ್‌ಬಿ ಖಾತೆಗೆ 50,000ದ ವಿತ್‌ಡ್ರಾಯಲ್ ಸ್ಲಿಪ್ ಬರೆದೆ, ಹಣ ತೆಗೆದುಕೊಳ್ಳದೆ ಸಹಿ ಮಾಡಿ ಕೊರತೆ ತುಂಬಿದೆ. ಕ್ಯಾಶ್ ಟ್ಯಾಲಿ. ಮಗಳ ಸೆಮಿಸ್ಟರ್ ಫೀಸಿಗೆ ಇಟ್ಟಿದ್ದ ದುಡ್ಡು. ರಾತ್ರಿ ಮನೆಯಲ್ಲಿ ಧ್ಯಾನಕ್ಕೆ ಕುಳಿತೆ. ಮೂಗಿನ ಕೆಳಗಿನ ತ್ರಿಕೋನದಲ್ಲಿ ಗಾಂಧೀಜಿ ಕಾಣುತ್ತಿದ್ದರು. ಎದ್ದುಬಿಟ್ಟೆ.

ನಮ್ಮ ಮೇಡಂ ಬಗ್ಗೆ ಹೇಳದಿದ್ದರೆ ಇದು ಅರ್ಧವಾಗುತ್ತದೆ. ನಿವೃತ್ತಿಗೆ ಎಂಟು ತಿಂಗಳಿದೆ. ಯಾವ ಶಿಬಿರಕ್ಕೂ ಹೋದವರಲ್ಲ. ಆಡಳಿತ ಕಚೇರಿಯವರು ಒತ್ತಡ ನಿವಾರಣೆಯ ಆನ್‌ಲೈನ್ ಕಾರ್ಯಕ್ರಮ ಇಟ್ಟಾಗ (ಕ್ಲೋಸಿಂಗ್ ಹೊತ್ತಿಗೇ ಇಟ್ಟಿದ್ದರು, ಹಾಜರಿ ಕಡ್ಡಾಯ) ಅವರು ಲಾಗಿನ್ ಮಾಡಿ, ಶಬ್ದ ಬಂದ್ ಮಾಡಿ, ಸಾಯಿಲ್ಡ್ (ಕೊಳೆಯಾದ) ನೋಟು ವಿಂಗಡಿಸುತ್ತಿದ್ದರು. ಅವರು ಕಟ್ಟು ಕೊಡುವುದನ್ನು ನಾನು ಹನ್ನೊಂದು ವರ್ಷದಿಂದ ಕಂಡಿದ್ದೇನೆ, ನೋಡಿರಲಿಲ್ಲ. ಪ್ರತಿ ಕಟ್ಟನ್ನೂ ಗ್ರಾಹಕರ ಮುಂದೆ ಹಲಗೆಯ ಮೇಲೆ ಇಟ್ಟು ಬಾಯಿ ಬಿಟ್ಟು ಹೇಳುತ್ತಾರೆ: "ಲಾಭ, ಎರಡು, ಮೂರು." ಅವರ ತಂದೆ ಕಣದಲ್ಲಿ ರಾಗಿ ಅಳೆಯುತ್ತಿದ್ದ ರೀತಿ ಅದು, ಒಂದು ಎನ್ನದೆ ಲಾಭ ಎನ್ನುವುದು. ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ಸಿಡುಕುತ್ತಾರೆ ಕೂಡ, ಆಮೇಲೆ ಎಲ್ಲವನ್ನೂ ಡ್ರಾಯರಿಗೆ ವಾಪಸ್ ಹಾಕಿ ಮತ್ತೆ ಲಾಭದಿಂದ ಶುರು. ನಾವೆಲ್ಲ ಇದನ್ನು ವಯಸ್ಸಿನ ನಿಧಾನ ಎಂದುಕೊಂಡಿದ್ದೆವು.

ಆ ಸಂಜೆ ಬ್ಯಾಗ್ ಎತ್ತಿಕೊಂಡು ಹೊರಡುವಾಗ ಅವರು, "ಉಸಿರು ಅದರ ಪಾಡಿಗೆ ಆಡುತ್ತಿರುತ್ತದಪ್ಪಾ, ನೀನು ನೋಟು ನೋಡು" ಎಂದರು. ಈಗ ನಾನೂ ಬಾಯಿ ಬಿಟ್ಟು ಎಣಿಸುತ್ತೇನೆ. ಯಾರಾದರೂ ಕೂಗಾಡಿದರೆ ಕಟ್ಟುಗಳ ಮೇಲೆ ಅಂಗೈ ಇಟ್ಟು ಅವರತ್ತ ತಿರುಗುತ್ತೇನೆ. ಸಿಟ್ಟು ಬಂದರೆ ಬರಲಿ, ಮುಖ ಕೆಟ್ಟರೆ ಕೆಡಲಿ. ಬೆಳಗಿನ ಧ್ಯಾನ ಬಿಟ್ಟಿಲ್ಲ, ಒಂದು ಗಂಟೆಯದು ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಅದು ಮನೆಯಲ್ಲಿ, ಚಾಪೆಯ ಮೇಲೆ.

ಮರುದಿನ ಹತ್ತೂ ಹತ್ತಕ್ಕೆ ಮೇಸ್ತ್ರಿ ಬಂದರು. ಚಾರ್ಜ್ ಮುಗಿದು ಫೋನ್ ಸತ್ತಿತ್ತಂತೆ. ರಾತ್ರಿ ಬಟವಾಡೆ ಮಾಡಿದಾಗ ಒಂದು ಕಟ್ಟು ಉಳಿಯಿತಂತೆ. ಸುತ್ತುಪಟ್ಟಿಯ ಮೇಲೆ ನನ್ನದೇ ಇನಿಷಿಯಲ್. ನಾನು ಎದ್ದು ನಿಂತು ಕೈಮುಗಿದೆ. ಅವರಿಗೆ ಇರುಸುಮುರುಸಾಯಿತು.

"ನಾನು ಆಗಲೇ ಕೇಳಿದೆ ಸಾರ್, ಒಂದು ಕಟ್ಟು ಜಾಸ್ತಿ ಆಯಿತೇನೋ ನೋಡಿ ಎಂದು. ಎರಡು ಸಲ ಕೇಳಿದೆ. ನೀವು ನಕ್ಕು ತಲೆಯಾಡಿಸಿದಿರಿ. ದೊಡ್ಡವರು ಲೆಕ್ಕ ತಪ್ಪುತ್ತಾರೆಯೇ ಎಂದು ಸುಮ್ಮನಾದೆ."

ನಮ್ಮ ಸಿಸಿಟಿವಿಗೆ ಧ್ವನಿ ಇಲ್ಲ. ಇದನ್ನು ಮ್ಯಾನೇಜರಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ನನ್ನ ಖಾತೆಗೆ ತುಂಬುವ ಚಲನ್ನು ನಾನೇ ಪಾಸು ಮಾಡುವಂತಿಲ್ಲವಲ್ಲ, ಆ ದಿನ ಮೇಡಂ ಕೌಂಟರಿಗೆ ಕುಳಿತರು. ಕಟ್ಟನ್ನು ಮೆಷಿನ್ನಿಗೆ ಎರಡು ಸಲ ಹಾಕಿದರು, ಮೇಲೊಮ್ಮೆ ಕೈಯಲ್ಲಿ ಎಣಿಸಿದರು, ಹೊಸ ಪಟ್ಟಿ ಸುತ್ತಿ ತಮ್ಮ ಇನಿಷಿಯಲ್ ಹಾಕಿದರು. ಇದ್ದದ್ದು ಒಂದೇ ಕಟ್ಟು. ಆದರೂ ಡ್ರಾಯರಿನೊಳಗೆ ಇಡುವಾಗ, ಎಲ್ಲರಿಗೂ ಕೇಳುವ ಹಾಗೆ, "ಲಾಭ" ಎಂದರು.